ಐದನೇ ಮೂಟೆ

೧.
ಎಲ್ಲಿಂದ ಶುರು ಮಾಡಲಿ ಹೇಳಿ. ನದಿಯಿಂದ ಶುರು ಮಾಡೋಣವೆಂದು ಅಲೆ, ದೋಣಿ, ಸಂಜೆಗೆಂಪು ಎಲ್ಲ ಸೇರಿಸಿ ಒಂದು ಪುಟ ಬರೆದೆ. ಹರಿದು ಹಾಕಿದೆ. ನಮ್ಮ ನಾಯಕಿ ಕುಡಿಯುವ ನೀರಿನ ಶುದ್ಧೀಕರಣ ಘಟಕದ ಹೊಸ ಕೆಮಿಸ್ಟ್. ಅವಳಿಗೆ ನದಿ ಕಾಣಿಸುವುದು ಬೀಕರಿನೊಳಗೆ, ಅದೂ ಅರ್ಧ ಲೀಟರ್.

೨.
ಹಾಗಾದರೆ ಲೆಕ್ಕದಿಂದಲೇ ಹೊರಡೋಣ. (ಪುಟ ತಿರುವಬೇಡಿ, ನಾನೂ ಗಣಿತದಲ್ಲಿ ಗ್ರೇಸ್ ಮಾರ್ಕ್ಸಿನ ಕೃಪೆಯಿಂದ ದಡ ಸೇರಿದವನೇ.) ಕೆಸರು ತಳಕ್ಕಿಳಿಯಲೆಂದು ನೀರಿಗೆ ಆಲಂ ಹಾಕುತ್ತಾರೆ. ಅದರಿಂದ ಪಿಎಚ್ ಇಳಿದು, ನೀರು ಹುಳಿಯ ಕಡೆಗೆ ವಾಲಿ, ಪೈಪುಗಳನ್ನು ಒಳಗಿನಿಂದ ತಿನ್ನತೊಡಗುತ್ತದೆ. ಮೇಲೆತ್ತಲು ಸುಣ್ಣ ಬೇಕು. ಲೀಟರಿಗೆ ಹನ್ನೆರಡು ಮಿಲಿಗ್ರಾಂ, ದಿನಕ್ಕೆ ಒಂದು ಕೋಟಿ ಲೀಟರ್, ಒಟ್ಟು ನೂರಿಪ್ಪತ್ತು ಕಿಲೋ. ಅಂದರೆ ನಲವತ್ತು ಕಿಲೋದ ಮೂಟೆ ಮೂರು.

"ನಾಲ್ಕು," ಎಂದಳು ಕೆಮಿಸ್ಟ್, ನನ್ನ ಹಾಳೆಯೊಳಗೆ ಮೂಗು ತೂರಿಸಿ.

"ಮೂರು ನಲವತ್ಲ ನೂರಿಪ್ಪತ್ತು ತಾನೇ?"

"ಮೂಟೇಲಿರೋದೆಲ್ಲ ಸುಣ್ಣ ಅಲ್ಲ ಸಾರ್. ನೂರಕ್ಕೆ ಎಪ್ಪತ್ತೈದು ಪಾಲು ಅಷ್ಟೇ. ಮಿಕ್ಕಿದ್ದು ಕಲ್ಲು, ಮಣ್ಣು. ನಿನ್ನೆ ಬಂದ ತಕ್ಷಣ ಟೆಸ್ಟ್ ಮಾಡಿದೀನಿ."

ಕೆಲಸಕ್ಕೆ ಸೇರಿದ ಎರಡನೇ ದಿನ ಮುಂಜಾನೆಯೇ ಅವಳು ಬೋರ್ಡಿನ ಮೇಲೆ ದೊಡ್ಡದಾಗಿ 'ನಾಲ್ಕು ಮೂಟೆ' ಎಂದು ಬರೆದಳು. ಒಂಬತ್ತಕ್ಕೆ ಪಿಎಚ್ ನೋಡಿದರೆ ಒಂಬತ್ತು ಪಾಯಿಂಟ್ ಒಂದು! ಎಂಟೂವರೆ ದಾಟಿದ ನೀರನ್ನು ಊರಿಗೆ ಬಿಡುವಂತಿಲ್ಲ. ಓಡಿಹೋಗಿ ವಾಲ್ವ್ ಮುಚ್ಚಿಸಿದಳು.

೩.
(ಈ ಭಾಗವನ್ನು ಕೆಮಿಸ್ಟ್ ಹೊಡೆದುಹಾಕಿದ್ದಾಳೆ. ಇದರಲ್ಲಿ ಪಿಎಚ್ ಅಳೆಯುವ ಮೀಟರೇ ಕೆಟ್ಟಿತ್ತು. "ಪಾಪದ ಮೀಟರ್ ಮೇಲೆ ಗೂಬೆ ಕೂರಿಸ್ಬೇಡಿ, ಸರಿಯಾಗೇ ಇದೆ," ಎಂದಳು. ಮೂರು ಒಳ್ಳೆಯ ವಾಕ್ಯಗಳು ನೀರುಪಾಲಾದವು.)

೪.
ಸುಣ್ಣ ಕಲಸುವ ಕೋಣೆಗೆ ಹೋಗಿ ನೋಡಿದರೆ ಖಾಲಿ ಮೂಟೆಗಳು ಐದು. ಪಕ್ಕದಲ್ಲಿ ಹುಬ್ಬಿನವರೆಗೂ ಬೆಳ್ಳಗಾಗಿ ನಿಂತಿದ್ದರು ಆಪರೇಟರ್. ಘಟಕದವರೆಲ್ಲ ಅವರನ್ನು ಕರೆಯುವುದು ದೊಡ್ಡಪ್ಪ ಎಂದು.

"ಐದ್ಯಾಕೆ ದೊಡ್ಡಪ್ಪ? ನಾಲ್ಕು ಅಂತ ಬರ್ದಿದ್ನಲ್ಲ?"

"ಬರ್ದಿದ್ದಕ್ಕೆ ಒಂದು ಜಾಸ್ತಿ ಹಾಕೋದು ನನ್ನ ಅಭ್ಯಾಸ ಮೇಡಂ. ಹಳೇ ಕೆಮಿಸ್ಟ್ ಸಾಹೇಬ್ರು ಯಾವಾಗ್ಲೂ ಮೂರು ಅಂತ ಬರೀತಿದ್ರು. ಮೂರಕ್ಕೆ ನೀರು ಸರಿಹೋಗ್ತಾನೇ ಇರ್ಲಿಲ್ಲ. ಅದಕ್ಕೆ ನಾಲ್ಕು ಹಾಕ್ತಿದ್ದೆ. ಹತ್ತೊಂಬತ್ತು ವರ್ಷ ಆಯ್ತು."

"ಅವ್ರಿಗೆ ಹೇಳ್ಲಿಲ್ವಾ?"

"ಒಂದ್ಸಲ ಹೇಳ್ದೆ. 'ನನಗೇ ಪಾಠ ಹೇಳ್ತೀಯೇನಯ್ಯಾ' ಅಂದ್ರು. ಆಮೇಲೆ ಬಾಯಿ ಮುಚ್ಕೊಂಡು ಮೂಟೆ ಬಿಚ್ತಿದ್ದೆ."

(ಚುರುಕಾದ ಓದುಗರು ಕೇಳುತ್ತಾರೆ: ಸ್ಟೋರಿನವರಿಗೆ ಗೊತ್ತಾಗಲಿಲ್ಲವೇ? 'ಒಂದು ಮೂಟೆಯನ್ನು ಇಲಿ ಹರಿಯಿತು' ಎಂದು ದೊಡ್ಡಪ್ಪ ದಿನವೂ ಹೇಳುತ್ತಿದ್ದರಂತೆ. ಹತ್ತೊಂಬತ್ತು ವರ್ಷ ಸುಣ್ಣ ತಿಂದು ಬದುಕಿದ ಇಲಿಯನ್ನು ಸ್ಟೋರಿನವರು ನಂಬಿದ್ದಾರೆ. ನೀವೂ ನಂಬಿ.)

೫.
ಫೋನ್ ಬಂತು. ಇಂಜಿನಿಯರ್ ಗುಡುಗಿದರು: "ವಾಲ್ವ್ ಯಾಕೆ ಮುಚ್ಚಿದ್ರಿ? ಲಾಗ್ ಬುಕ್ಕಲ್ಲಿ ಕಾರಣ ಬರ್ದಿಡಿ, ಬರ್ತಿದೀನಿ."

ದೊಡ್ಡಪ್ಪನ ನಿವೃತ್ತಿಗೆ ಉಳಿದಿರುವುದು ಹನ್ನೊಂದು ದಿನ. ಇಷ್ಟು ವರ್ಷದಲ್ಲಿ ಒಂದು ಮೆಮೊ ಇಲ್ಲ. ಕೆಮಿಸ್ಟ್ ಪೆನ್ನಿನ ಮುಚ್ಚಳ ತೆಗೆದಳು, ಮತ್ತೆ ಹಾಕಿದಳು. ನನಗೂ ಪಾಪ ಅನ್ನಿಸಿತು, ಸುಳ್ಳೇಕೆ ಹೇಳಲಿ. ತಕ್ಷಣ ಸಹಾಯಕ್ಕೆ ಧಾವಿಸಿದೆ.

ಅಂತ್ಯ ಅ: 'ಕರೆಂಟ್ ಹೋಗಿತ್ತು' ಎಂದು ಅವಳು ಬರೆಯುತ್ತಾಳೆ.

"ಬರೆಯಲ್ಲ," ಎಂದಳು. "ನಾಳೆ ಇವ್ರ ಜಾಗಕ್ಕೆ ಬರೋವ್ರೂ ಐದೇ ಹಾಕಿದ್ರೆ? ಊರಿಗೆ ಊರೇ ಕುಡಿಯೋ ನೀರು ಸಾರ್ ಇದು."

ಅಂತ್ಯ ಆ: ಅವಳು ನಿಜ ಬರೆಯುತ್ತಾಳೆ, ದೊಡ್ಡಪ್ಪ ಗಳಗಳನೆ ಅಳುತ್ತಾರೆ.

"ನಾನ್ಯಾಕೆ ಅಳ್ಲಿ ಸ್ವಾಮಿ?" ದೊಡ್ಡಪ್ಪ ನನ್ನನ್ನೇ ದುರುಗುಟ್ಟಿ ನೋಡಿದರು. ಆಮೇಲೆ ಅವಳ ಕಡೆ ತಿರುಗಿ ಹೇಳಿದರು: "ಬರೀರಿ ಮೇಡಂ. ಇವತ್ತು ಐದು ಹಾಕಿದ್ದು ತಪ್ಪು, ಬರೀರಿ. ಅದ್ರ ಕೆಳಗೇ, ಇಷ್ಟು ವರ್ಷ ನಾಲ್ಕು ಹಾಕಿದ್ದು ಸರಿ ಅಂತಾನೂ ಬರೀರಿ. ತಪ್ಪಾದ್ರೆ ಎಲ್ರೂ ಬರೀತಾರೆ. ನಾನು ಸರಿ ಮಾಡಿದ್ದು ಈ ಆಫೀಸಲ್ಲಿ ಎಲ್ಲೂ ಬರ್ದಿಲ್ಲ."

ಅವಳು ಎರಡನ್ನೂ ಬರೆದಳು. ನನಗೆ ಸೇರಿಸಲು ಒಂದು ಅಲ್ಪವಿರಾಮವೂ ಉಳಿಯಲಿಲ್ಲ. ಬರೆದು ಮುಗಿಸಿ, ಪುಸ್ತಕವನ್ನು ಅವರ ಕಡೆ ತಿರುಗಿಸಿದಳು. ಆ ಪುಸ್ತಕದಲ್ಲಿ ಆಪರೇಟರುಗಳು ಸಹಿ ಹಾಕುವ ಪದ್ಧತಿಯೇ ಇಲ್ಲ. ದೊಡ್ಡಪ್ಪ ಹೋಗಿ ಕೈ ತೊಳೆದು, ಒರೆಸಿಕೊಂಡು ಬಂದು, ನಿಧಾನವಾಗಿ ಸಹಿ ಹಾಕಿದರು.

೬.
ಮೆಮೊ ಬರುತ್ತದೋ, ಹಾರ ಬರುತ್ತದೋ? ನನ್ನನ್ನು ಕೇಳಬೇಡಿ. ಎರಡನ್ನೂ ಬರೆದು ನೋಡಿದೆ. ಮೆಮೊ ಬರೆದಾಗ ಕೆಮಿಸ್ಟ್ ನನ್ನ ಜೊತೆ ಮಾತು ಬಿಟ್ಟಳು, ಹಾರ ಬರೆದಾಗ ದೊಡ್ಡಪ್ಪ ನಕ್ಕುಬಿಟ್ಟರು. ಎರಡೂ ಬುಟ್ಟಿಗೆ ಹೋದವು. ವಾಲ್ವ್ ಇನ್ನೂ ಮುಚ್ಚಿಯೇ ಇದೆ, ಸುಣ್ಣ ಬೆರೆಸದ ನೀರು ಸೇರಿ ಪಿಎಚ್ ಎಂಟು ಪಾಯಿಂಟ್ ಏಳಕ್ಕೆ ಇಳಿದಿದೆ. ಇಂಜಿನಿಯರ್ ಮಾತ್ರ ನನ್ನ ಅಪ್ಪಣೆಗೆ ಕಾಯದೆ ಒಳಗೆ ಬಂದು ಪುಸ್ತಕ ತೆರೆದು ಓದಿದರು. ಇನ್ನೊಮ್ಮೆ ಓದಿದರು. ಕೆಳಗಿನ ಗೆರೆಯ ಮೇಲೆ ಬೆರಳಿಟ್ಟರು.

"ಇದು ಯಾರ ಸಹಿ?"

"ನಂದು," ಎಂದರು ದೊಡ್ಡಪ್ಪ.