ಬೆಳುವಾಯಿಯ ಸೆಕೆಗೊಂದು ಸ್ವೆಟರ್

ನಮ್ಮ ಬೆಳುವಾಯಿಯಲ್ಲಿ ಏಪ್ರಿಲ್ ಸೆಕೆಯ ಬಿಸು ಹಬ್ಬದ ಹೊತ್ತಿಗೆ ಸ್ವೆಟರ್ ಹೆಣೆಯುವವರನ್ನು ಕಂಡರೆ ತಲೆ ಸರಿ ಉಂಟಾ ಎಂದು ಯಾರಾದರೂ ಕೇಳುತ್ತಾರೆ. ನಾನೂ ಕೇಳಿದೆ. ನಾನು ಮೂಕಾಂಬಿಕಾ, ನಿವೃತ್ತ ಹೊಲಿಗೆ ಟೀಚರು. ನೌಕರಿಯ ಮೊದಲ ಕೆಲವು ವರ್ಷ ಮಡಿಕೇರಿ ಕಡೆ ಇದ್ದವಳಾದ್ದರಿಂದ ಉಣ್ಣೆಯ ಕೆಲಸ ಬಲ್ಲೆ. ಊರಿಗೆ ಬಂದ ಮೇಲೆ ಆ ವಿದ್ಯೆ ಯಾರಿಗೂ ಬೇಡವಾಗಿತ್ತು. ಹಾಗಿರುವಾಗ ಆಚೆಮನೆಯ ಕುಸುಮ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾ ಬಂದು, "ಟೀಚರೇ, ನನಗೊಂದು ಸ್ವೆಟರ್ ಹೆಣೆಯಲು ಕಲಿಸಿ" ಎಂದಳು.

"ತಲೆ ಸರಿ ಉಂಟಾ ನಿನಗೆ?"

"ಹಗಲು ಸರಿ ಉಂಟು. ರಾತ್ರಿ ಹಲ್ಲು ಕಟಕಟ ಅಂತದೆ."

ಅವಳ ಗಂಡ ಸುಧಾಕರ ಶೆಟ್ಟರು ದೋಹಾದ ಹೋಟೆಲಿನಲ್ಲಿ ಅರ್ಧ ಆಯುಷ್ಯ ದುಡಿದು ಈ ವರ್ಷ ಕಾಯಂ ಆಗಿ ಮನೆಗೆ ಬಂದಿದ್ದರು. ಬಂದವರು ಮೊದಲು ಮಾಡಿದ ಕೆಲಸ ಮಲಗುವ ಕೋಣೆಗೆ ಎ.ಸಿ. ಹಾಕಿಸಿದ್ದು. ಅದನ್ನು ಹದಿನೆಂಟಕ್ಕೆ ಇಟ್ಟು ಮಲಗುತ್ತಾರಂತೆ. ನಮ್ಮೂರಿನ ಹೆಂಗಸು ಹದಿನೆಂಟು ಡಿಗ್ರಿಯನ್ನು ಕಂಡಿರುವುದು ರೆಫ್ರಿಜರೇಟರಿನ ಬಾಗಿಲು ತೆಗೆದಾಗ ಮಾತ್ರ.

"ತಂಪು ಕಡಿಮೆ ಮಾಡಿ ಅಂತ ಹೇಳಿದರಾಯ್ತಲ್ಲ ಮಾರಾಯ್ತಿ?"

"ಹೇಗೆ ಹೇಳುವುದು ಟೀಚರೇ? ಇಷ್ಟು ವರ್ಷ ಅದರಲ್ಲೇ ಮಲಗಿ ಅಭ್ಯಾಸ ಆಗಿದೆ ಅವರಿಗೆ. ಮನೆಗೆ ಬಂದು ಆರಾಮದಲ್ಲಿ ನಿದ್ದೆ ಮಾಡುವಾಗ ಅದಕ್ಕೂ ನಾನು ಅಡ್ಡ ಬರಬೇಕಾ?"

"ಹಾಗಾದರೆ ನೀನು ಬೇರೆ ಕೋಣೆಯಲ್ಲಿ ಮಲಗು."

ಕುಸುಮ ನನ್ನ ಮುಖ ನೋಡಿದಳು. "ಬೇರೆ ಕೋಣೆಯಲ್ಲಿ ಮಲಗುವುದಾದರೆ ಅವರು ದೋಹಾದಲ್ಲಿ ಇದ್ದರೇನು, ಇಲ್ಲಿದ್ದರೇನು?"

ನನಗೆ ಪಾಪ ಅನ್ನಿಸಿತು, ಸಿಟ್ಟೂ ಬಂತು. ಕಂಬಳಿ ಹೊದ್ದರೆ ಇವಳಿಗೆ ಚಳಿಯಾಗುವುದು ಗಂಡನಿಗೆ ಗೊತ್ತಾಗುತ್ತದಂತೆ. ನೈಟಿಯ ಒಳಗೆ ಹಾಕಿಕೊಂಡರೂ ಕಾಣದಂಥ ತೆಳು ಸ್ವೆಟರ್ ಬೇಕಂತೆ. "ಮೊದಲೇ ಈಗ ಬನಿಯನ್ ಒಗೆದು ಸಾಕಾಗ್ತದೆ. ದಿನಕ್ಕೆ ಎರಡೆರಡು ಬೀಳ್ತದೆ ಇವರದ್ದು. ಇನ್ನು ಕಂಬಳಿಯೂ ಯಾಕೆ?" ಎಂದು ಸೇರಿಸಿದಳು.

ಸರಿ, ಅವಳ ಅಳತೆ ತೆಗೆದುಕೊಂಡೆ. ತೆಳು ಉಣ್ಣೆಗೆ ಎಷ್ಟು ಕುಣಿಕೆ, ಎಷ್ಟು ಸಾಲು ಎಂದು ಬರೆದುಕೊಟ್ಟೆ. ಹೆಣೆಯುವುದನ್ನು ಬೇಗನೆ ಕಲಿತಳು. "ಮೊದಲು ನಾಲ್ಕು ಬೆರಳಗಲದ ತುಂಡೊಂದು ಹೆಣೆದು ಅಳೆದು ನೋಡು, ಆಮೇಲೆ ಮುಂದುವರಿ" ಎಂದು ಒತ್ತಿ ಹೇಳಿ, ತಂಗಿಯ ಮೊಣಕಾಲಿನ ಆಪರೇಷನ್ನಿಗೆಂದು ಮಡಂತ್ಯಾರಿಗೆ ಹೋದೆ.

ತಿರುಗಿ ಬಂದ ಮರುದಿನವೇ ಕುಸುಮ ದೊಡ್ಡದೊಂದು ಚೀಲ ಅಪ್ಪಿಕೊಂಡು ಬಂದಳು. ಒಳಗಿನಿಂದ ಹಸಿರು ಸ್ವೆಟರ್ ಎಳೆದಳು. ಎಳೆದಳು, ಇನ್ನೂ ಎಳೆದಳು. ಅದು ಮುಗಿಯಲೇ ಇಲ್ಲ.

"ಇದೆಂತ ಮಾರಾಯ್ತಿ, ಇದರೊಳಗೆ ನಿನ್ನಂಥವರು ಇಬ್ಬರು ಹಿಡಿಸ್ತಾರೆ!"

"ನೀವು ಹೇಳಿದಷ್ಟೇ ಕುಣಿಕೆ ಟೀಚರೇ. ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ." ಅಳುವುದೋ ನಗುವುದೋ ಎಂದು ತಿಳಿಯದೆ ನಿಂತಿದ್ದಳು.

ವಿಷಯ ಇಷ್ಟು. ಮೂಡುಬಿದಿರೆಯಲ್ಲಿ ಮೂಸಬ್ಬನವರ ಅಂಗಡಿಯಲ್ಲಿ ತೆಳು ಉಣ್ಣೆ ಇರಲಿಲ್ಲ. ಬಾಗಿಲಿನ ತೋರಣ ಹೆಣೆಯುವವರು ಬಿಟ್ಟುಹೋದ ದಪ್ಪ ಹಸಿರು ಉಣ್ಣೆ ಇತ್ತು. ದಪ್ಪ ಆದರೆ ಇನ್ನೂ ಬೆಚ್ಚಗೆ ಎಂದು ಇವಳ ಲೆಕ್ಕಾಚಾರ. ಉಣ್ಣೆ ದಪ್ಪವಾದದ್ದಕ್ಕೆ ಕಡ್ಡಿಯೂ ದಪ್ಪದ್ದೇ ತಂದಳು. ಉಣ್ಣೆ ಸಾಲದೆ ಮತ್ತೆ ಮತ್ತೆ ಹೋಗಿ ಅಂಗಡಿಯ ಉಂಡೆಗಳನ್ನೆಲ್ಲ ಖಾಲಿ ಮಾಡಿದಳು. ಅಳೆಯುವ ತುಂಡು ಹೆಣೆಯಲೇ ಇಲ್ಲ.

"ಕುಚ್ಚಲಕ್ಕಿಗೆ ಇಡುವಷ್ಟು ನೀರು ಬಿಳಿಯ ಬೆಳ್ತಿಗೆ ಅಕ್ಕಿಗೆ ಇಟ್ಟರೆ ಅನ್ನ ಆಗ್ತದಾ, ಅಂಟು ಆಗ್ತದಾ?"

"ಅಂಟು."

"ಮತ್ತೆ? ಉಣ್ಣೆ ಬದಲಾದರೆ ಲೆಕ್ಕವೂ ಬದಲಾಗಬೇಕು. ಒಂದೊಂದು ಕುಣಿಕೆ ಕೂದಲೆಳೆಯಷ್ಟು ಅಗಲವಾದರೂ ಸಾಲಿಗೆ ಎಷ್ಟಾಯ್ತು ನೋಡು! ಬಿಚ್ಚು."

ಬಿಚ್ಚುವುದೆಂದರೆ ಅವಳಿಗೆ ಜೀವ ಹೋದ ಹಾಗೆ. ಆದರೂ ಕೊನೆಗೆ ಹೆಣೆದ ಕುತ್ತಿಗೆಯಿಂದ ಶುರು ಮಾಡಿದೆವು. ಅವಳು ಎಳೆದಳು, ನಾನು ಉಂಡೆ ಸುತ್ತಿದೆ. ಎರಡು ಸುತ್ತು ಬಿಚ್ಚಿರಬೇಕು, ಗೇಟಿನ ಹತ್ತಿರ ಸ್ಕೂಟರ್ ನಿಂತಿತು.

"ಕುಸುಮ, ಬೀಗದ ಕೈ ಎಲ್ಲಿ?" ಎನ್ನುತ್ತಾ ಸುಧಾಕರ ಶೆಟ್ಟರು ಜಗಲಿ ಹತ್ತಿಯೇಬಿಟ್ಟರು. ಹಸಿರು ರಾಶಿಯನ್ನು ನೋಡಿದರು. "ಇದು ಯಾರಿಗೆ?"

ಕುಸುಮ ನನ್ನ ಮುಖ ನೋಡಿದಳು. ನಾನು ಉಂಡೆಯ ಮುಖ ನೋಡಿದೆ. ಅವರು ಸ್ವೆಟರನ್ನು ಎತ್ತಿ ಎದೆಗೆ ಹಿಡಿದು ನೋಡಿ, ಅಂಗಿಯ ಮೇಲೇ ತೊಟ್ಟುಕೊಂಡರು. ಭುಜ ಸರಿ, ತೋಳು ಸರಿ, ದೋಹಾದ ಹೊಟ್ಟೆಗೂ ಸರಿ. ದರ್ಜಿ ಅಳತೆ ತೆಗೆದರೂ ಅಷ್ಟು ಸರಿಯಾಗಿ ಕೂರುತ್ತಿರಲಿಲ್ಲ.

ಅವರ ಕಣ್ಣು ತುಂಬಿಬಂತು. "ನನಗೆ ಚಳಿ ಆಗ್ತದೆ ಅಂತ ನಿನಗೆ ಹೇಗೆ ಗೊತ್ತಾಯ್ತು?"

"ನಿಮಗೆ ಚಳಿಯಾ?" ಕುಸುಮ ಎದ್ದುನಿಂತಳು.

"ಚಳಿಯಾ ಅಂತ ಕೇಳ್ತಿಯಾ! ಎರಡೆರಡು ಬನಿಯನ್ ಹಾಕಿ ಮಲಗ್ತೇನೆ. ಅಲ್ಲಿ ರೂಮಿನವರು ಇಟ್ಟ ಎ.ಸಿ.ಯಲ್ಲಿ ನಡುಗಿ ಸಾಕಾಗಿತ್ತು. ಮನೆಗೆ ಹೋಗಿ ಫ್ಯಾನಿನ ಅಡಿ ಮಲಗಬೇಕು ಅಂತ ಆಸೆ ಇತ್ತು."

"ಮತ್ತೆ ಎ.ಸಿ. ಯಾಕೆ ಹಾಕಿಸಿದ್ದು?"

"ನಿನಗೆ! ಪ್ರತಿ ಬಿಸುವಿಗೆ ಫೋನಿನಲ್ಲಿ ಎಂತ ಹೇಳ್ತಿದ್ದೆ ನೀನು? ಇಲ್ಲಿ ಸೆಕೆಗೆ ನಿದ್ದೆ ಇಲ್ಲ, ನಿಮಗೇನು, ತಂಪಿನಲ್ಲಿ ಇದ್ದೀರಿ ಅಂತ. ಅದನ್ನು ಕೇಳಿ ಕೇಳಿ, ಹೋದ ಕೂಡಲೇ ಇವಳಿಗೆ ತಂಪು ಮಾಡಿ ಕೊಡ್ತೇನೆ ಅಂತ ಆಣೆ ಹಾಕಿದ್ದೆ."

ಕುಸುಮ ಗಂಡನನ್ನು ನೋಡಿದಳು. ಏಪ್ರಿಲ್ ಮಧ್ಯಾಹ್ನ, ಮೈಮೇಲೆ ದಪ್ಪ ಹಸಿರು ಉಣ್ಣೆ, ಹಣೆಯಿಂದ ಬೆವರು ಇಳಿಯುತ್ತಿದೆ, ತೆಗೆಯಲು ಮಾತ್ರ ಮನಸ್ಸಿಲ್ಲ. ಅವಳು ಜಗಲಿಯ ಕಂಬ ಹಿಡಿದು ನಗತೊಡಗಿದಳು. ನಗುತ್ತಾ ನಗುತ್ತಾ ಅತ್ತೂಬಿಟ್ಟಳು. "ಆ ಸ್ವೆಟರ್ ನನಗೆ ಅಂತ ಹೆಣೆದದ್ದು. ನಾನೂ ನಡುಗುತ್ತಿದ್ದೇನೆ!" ಎಂದಳು.

ನನಗೆ ಬೈಯದೆ ಇರಲಾಗಲಿಲ್ಲ. "ಒಂದೇ ಮಂಚದಲ್ಲಿ ಮಲಗಿ ಇಬ್ಬರೂ ಕದ್ದು ನಡುಗಿದ್ದೀರಲ್ಲ, ನಿಮಗೆ ಬಾಯಿ ಇರುವುದು ಬರೀ ಫೋನಿಗಾ?"

ಶೆಟ್ಟರು ನಾಚಿಕೊಂಡು ಸ್ಕೂಟರಿನ ಕಡೆ ಹೊರಟರು. ಅವರು ನಡೆದ ಹಾಗೆ ನನ್ನ ಕೈಯ ಉಂಡೆ ಕುಣಿಯತೊಡಗಿತು.

"ನಿಲ್ಲಿ ಮಾರಾಯ್ರೇ, ಕುತ್ತಿಗೆ ಬಿಚ್ಚಿಹೋಗ್ತದೆ!"

ಆ ಕುತ್ತಿಗೆಯನ್ನು ಮತ್ತೆ ನಾನೇ ಹೆಣೆದುಕೊಟ್ಟೆ. ಎ.ಸಿ. ನಿಂತಿತು, ಕಿಟಕಿ ತೆರೆಯಿತು, ಬನಿಯನ್ ಒಂದಕ್ಕೆ ಇಳಿಯಿತು.

ಮೊನ್ನೆ ಕುಸುಮ ಬಂದಳು. ಕಣ್ಣು ಕೆಂಪಾಗಿತ್ತು. "ಎಂಥ ಸೆಕೆ ಟೀಚರೇ! ಬರೀ ಫ್ಯಾನಿಗೆ ನಿದ್ದೆಯೇ ಬರುವುದಿಲ್ಲ."

ನನಗೆ ಪಿತ್ತ ನೆತ್ತಿಗೇರಿತು. "ಮತ್ತೆ ಶುರುವಾಯ್ತಾ! ಅದನ್ನು ನನ್ನ ಹತ್ತಿರ ಯಾಕೆ ಹೇಳ್ತಿ? ಹೋಗಿ ಗಂಡನ ಹತ್ತಿರ ಹೇಳು."

"ಅವರಿಗೆ ಹೇಳಿಯೇ ಬಂದದ್ದು" ಎಂದಳು ಕುಸುಮ, ಜಗಲಿಯ ಮೇಲೆ ಆರಾಮಾಗಿ ಕಾಲು ಚಾಚುತ್ತಾ.