ಗ, ಚ ಪಕ್ಕ ಕೂರುವುದಿಲ್ಲ

“ಗ ಯಾಕೆ ಚ ಪಕ್ಕ ಕೂರಲ್ಲ?” ಎಂದರು ಅತ್ತೆ.

ಸೊಸೆ ಪುಸ್ತಕದಿಂದ ತಲೆ ಎತ್ತಿದಳು. ಕಣ್ಣಿನ ಪೊರೆ ತೆಗೆಸಿಕೊಂಡು ಬಂದಿದ್ದ ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಸೋಫಾದ ಮೇಲೆ ನೆಟ್ಟಗೆ ಕೂತಿದ್ದರು. ಟೀವಿ ನೋಡಬಾರದು, ಪೇಪರು ಓದಬಾರದು, ಒಲೆಯ ಹತ್ತಿರ ಸುಳಿಯಬಾರದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಬಾಯಿಗೆ ಮಾತ್ರ ಯಾವ ಪಥ್ಯವನ್ನೂ ಹೇಳಿರಲಿಲ್ಲ. ಊಟವಾದ ಮೇಲೆ ಹೊತ್ತು ಹೋಗದೆ ಒದ್ದಾಡಿ, “ಅದೇನು ಓದ್ತಿದ್ದೀಯೋ ಅದನ್ನೇ ಗಟ್ಟಿಯಾಗಿ ಓದು, ನನ್ನ ಕಿವಿಗಾದ್ರೂ ಏನಾದ್ರೂ ಬೀಳ್ಲಿ” ಎಂದಿದ್ದರು. ಸೊಸೆ ಓದಿದ್ದಳು. ಸಾಲಾಗಿ ಆರು ಕುರ್ಚಿ. ಕ, ಗ, ಚ, ಟ, ತ, ಪ ಎಂಬ ಆರು ಜನ. ತ ಎಡದಿಂದ ಮೂರನೆಯ ಕುರ್ಚಿಯಲ್ಲಿ ಕೂರುತ್ತಾನೆ. ಟ ಮತ್ತು ಪ ಅಕ್ಕಪಕ್ಕ. ಕ ಯಾವುದಾದರೂ ಒಂದು ತುದಿಯಲ್ಲಿ. ಗ ಮತ್ತು ಚ ಅಕ್ಕಪಕ್ಕ ಕೂರುವಂತಿಲ್ಲ. ಹಾಗಾದರೆ ಕ ಕೂರುವುದು ಯಾವ ತುದಿಯಲ್ಲಿ?

“ಯಾಕೆ ಅಂತೆಲ್ಲ ಇರಲ್ಲ ಅತ್ತೆ. ಅದು ನಿಯಮ.”

“ನಿಯಮ ಅಂದ್ರೆ? ಸುಮ್ಮಸುಮ್ನೆ ಯಾರಾದ್ರೂ ಮುಖ ತಿರುಗಿಸ್ಕೊಂಡು ದೂರ ಕೂರ್ತಾರಾ? ಬೆಂಕಿ ಇಲ್ದೆ ಹೊಗೆ ಆಡಲ್ಲ.”

ಸೊಸೆಗೆ ನಗು ಬರಲಿಲ್ಲ. ಲಾ ಕಾಲೇಜಿನ ಪ್ರವೇಶ ಪರೀಕ್ಷೆಗೆ ಅವಳು ಕೂರುತ್ತಿರುವುದು ಇದು ಎರಡನೆಯ ಸಲ. ಹೋದ ವರ್ಷ ಭಾಷೆಯಲ್ಲಿ, ಸಾಮಾನ್ಯ ಜ್ಞಾನದಲ್ಲಿ ಒಳ್ಳೆಯ ಅಂಕವೇ ಬಂದಿತ್ತು. ಮುಳುಗಿಸಿದ್ದು ಈ ಕುರ್ಚಿಗಳು. ಯಾರು ಎಲ್ಲಿ ಕೂರುತ್ತಾರೆ, ಯಾರು ಯಾರಿಗಿಂತ ಮೊದಲು ಬರುತ್ತಾರೆ ಎನ್ನುವ ಪ್ರಶ್ನೆಗಳು ಬಂದರೆ ಸಾಕು, ಅಕ್ಷರಗಳೆಲ್ಲ ಗುಂಗಾಡಿ ಹುಳುಗಳ ಹಾಗೆ ಕಣ್ಣ ಮುಂದೆ ಹಾರಾಡತೊಡಗುತ್ತಿದ್ದವು. ಒಂದನ್ನು ಕೂರಿಸಿದರೆ ಇನ್ನೊಂದು ಎದ್ದು ನಿಲ್ಲುತ್ತಿತ್ತು.

ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಿದ್ದಳು. ಕಲಿಯುವವರ ಪಕ್ಕದಲ್ಲಿ ಕೂತು, ಕಾಲ ಬಳಿಯ ಎರಡನೆಯ ಬ್ರೇಕನ್ನು ಹದ ನೋಡಿ ಒತ್ತುವುದೇ ಕೆಲಸವಾದ್ದರಿಂದ ಎಲ್ಲರ ಬಾಯಲ್ಲಿ ಬ್ರೇಕ್ ಮೇಡಂ ಆಗಿದ್ದಳು. ಲಾಯರಾಗುವ ಹುಳ ತಲೆ ಹೊಕ್ಕದ್ದೂ ಅದೇ ಕಾರಿನಿಂದ. ಅವಳು ಪಕ್ಕದಲ್ಲಿ ಕೂತು ಕಲಿಸುತ್ತಿದ್ದಾಗಲೇ ಶಿಷ್ಯೆಯೊಬ್ಬಳ ಕಾರಿಗೆ ಹಿಂದಿನಿಂದ ವ್ಯಾನೊಂದು ಗುದ್ದಿ, ತಪ್ಪು ಶಿಷ್ಯೆಯದೇ ಎಂದು ಕೇಸು ನಡೆದಾಗ ಸಾಕ್ಷಿ ಹೇಳಲು ಹೋಗಿದ್ದಳು. “ಕಾರು ನಿಲ್ತಾ ಇತ್ತಾ, ನಿಂತಿತ್ತಾ?” ಎಂದು ಲಾಯರಮ್ಮ ಕೇಳಿದ್ದರು. “ನಿಂತಿತ್ತು” ಎಂದಿದ್ದಳು ಇವಳು. ಇಡೀ ಕೇಸು ಆ ಒಂದು ಮಾತಿನ ಮೇಲೆ ಮಗ್ಗುಲು ಬದಲಿಸಿತ್ತು. ಕೋರ್ಟಿನಿಂದ ಹೊರಗೆ ಬಂದಾಗ ಅವಳ ಮೈಯೆಲ್ಲ ಜುಮ್ಮೆನ್ನುತ್ತಿತ್ತು. ಆ ಪ್ರಶ್ನೆ ಕೇಳುವವಳು ತಾನಾಗಬೇಕು ಎನ್ನಿಸಿತ್ತು. ಇದನ್ನು ಕೇಳಿದ ದಿನ ಅತ್ತೆ, “ಸೀರೆ ಅಂಚು ಹಿಡಿಯೋ ಮಕ್ಕಳಿರೋ ವಯಸ್ಸಲ್ಲಿ ಸ್ಲೇಟು ಹಿಡೀತಾಳಂತೆ” ಎಂದು ಗೋಡೆಗೆ ಹೇಳುವ ಹಾಗೆ ಹೇಳಿದ್ದರು. ಮಕ್ಕಳಾಗಿರಲಿಲ್ಲವಾದ್ದರಿಂದ ಆ ಮಾತು ಎರಡು ಕಡೆಯಿಂದ ಚುಚ್ಚಿತ್ತು. ಆಮೇಲೆ ಅತ್ತೆ ಸೊಸೆಯ ನಡುವೆ ಓದಿನ ಸುದ್ದಿಯೇ ಬಂದಿರಲಿಲ್ಲ.

ಈಗ ಅದೇ ಅತ್ತೆ ಕನ್ನಡಕದ ಹಿಂದೆ ಹುಬ್ಬು ಗಂಟಿಕ್ಕಿ ಯೋಚಿಸುತ್ತಿದ್ದರು.

“ಗ, ಚ ಇಬ್ರೂ ಓರಗಿತ್ತೀರು” ಎಂದು ತೀರ್ಪು ಕೊಟ್ಟರು. “ಪಾಲಿನ ವಿಷಯದಲ್ಲಿ ಮಾತು ಬಿಟ್ಟಿದ್ದಾರೆ. ಟ, ಪ ಹೊಸದಾಗಿ ಮದುವೆ ಆದವ್ರು. ಒಬ್ಬರ ಕೈ ಒಬ್ಬರು ಬಿಡಲ್ಲ. ಕ ಇದಾನಲ್ಲ, ಅವನಿಗೆ ಘಳಿಗೆಗೊಂದು ಸಲ ಹೊರಗೆ ಹೋಗಿ ಸಿಗರೇಟು ಸೇದೋ ಚಟ. ಅದಕ್ಕೇ ತುದಿ ಬೇಕು.”

“ತ?”

“ಮನೆ ಯಜಮಾನ. ಕೂತ ಕುರ್ಚಿ ಬಿಟ್ಟು ಏಳೋನಲ್ಲ. ನಿಮ್ಮಾವನೂ ಹಂಗೇ ಇದ್ರು.”

ಸೊಸೆ ಸುಮ್ಮನೆ ಪೆನ್ಸಿಲ್ಲಿನಿಂದ ಆರು ಗೆರೆ ಎಳೆದಳು. ಮೂರನೆಯ ಗೆರೆಯ ಮೇಲೆ ಮಾವನವರನ್ನು ಕೂರಿಸಿದಳು. ಅವರು ಕಾಲ ಮೇಲೆ ಕಾಲು ಹಾಕಿಕೊಂಡು ಕೂತುಬಿಟ್ಟರು. ಅಲುಗಾಡುವ ಮಾತೇ ಇಲ್ಲ. ಸಿಗರೇಟಿನವನನ್ನು ಬಲ ತುದಿಗೆ ಕಳಿಸಿದಳು. ಮಿಕ್ಕಿದ್ದು ಮಾವನವರ ಎಡಕ್ಕೆ ಎರಡು ಕುರ್ಚಿ, ಬಲಕ್ಕೆ ಎರಡು ಕುರ್ಚಿ. ಹೊಸ ಜೋಡಿ ಎಡಕ್ಕೆ ಕೂತರೆ ಓರಗಿತ್ತಿಯರಿಬ್ಬರೂ ಬಲಕ್ಕೆ, ಪಕ್ಕಪಕ್ಕ. ಜೋಡಿ ಬಲಕ್ಕೆ ಕೂತರೆ ಓರಗಿತ್ತಿಯರು ಎಡಕ್ಕೆ, ಆಗಲೂ ಪಕ್ಕಪಕ್ಕ.

ಪೆನ್ಸಿಲು ನಿಂತಿತು.

“ಅತ್ತೆ, ಅವನು ಬಲಗಡೆ ಕೂರೋಕೆ ಸಾಧ್ಯಾನೇ ಇಲ್ಲ. ಕೂತ್ರೆ ಇವರಿಬ್ರೂ ಜಡೆ ಹಿಡ್ಕೊಂಡು ಹೊಡೆದಾಡ್ತಾರೆ. ಕ ಎಡ ತುದೀಲೇ ಇರ್ಬೇಕು.”

“ನೋಡಿದ್ಯಾ” ಎಂದರು ಅತ್ತೆ. ಸೇದುವವನನ್ನು ತಾವೇ ಕೈಹಿಡಿದು ಎಡಕ್ಕೆ ಕರೆತಂದ ಧಾಟಿಯಲ್ಲಿ.

ಪುಸ್ತಕದ ಕೊನೆಯಲ್ಲಿದ್ದ ಉತ್ತರಗಳ ಪುಟ ತೆರೆದಳು. ಸರಿಯುತ್ತರ ಅದೇ. ಊಹೆ ಮಾಡಿ ಸರಿಯಾದದ್ದು ಹಿಂದೆಯೂ ಉಂಟು. ಯಾಕೆ ಸರಿ ಎಂದು ಗೊತ್ತಿದ್ದು ಸರಿಯಾದದ್ದು ಇದೇ ಮೊದಲು. ಅವಳು ಎದ್ದು ಅಡಿಗೆಮನೆಗೆ ಹೋಗಿ, ಯಾಕೆ ಬಂದೆ ಎನ್ನುವುದು ಮರೆತು, ಒಂದು ಲೋಟ ನೀರು ಕುಡಿದು ವಾಪಸು ಬಂದಳು.

“ಇನ್ನೊಂದು ಓದು” ಎಂದರು ಅತ್ತೆ.

ಅಂದಿನಿಂದ ಆ ಮನೆಗೆ ಒಂದು ಜ್ವರ ಹಿಡಿಯಿತು. ಬೆಳಗಿನ ಪಾಠ ಮುಗಿಸಿ ಸೊಸೆ ಮೆಟ್ಟಿಲು ಹತ್ತುವ ಸದ್ದು ಕೇಳಿದರೆ ಸಾಕು, ಅತ್ತೆ “ಇವತ್ತು ಎಷ್ಟು ಜನ?” ಎಂದು ಒಳಗಿನಿಂದಲೇ ಕೇಳುತ್ತಿದ್ದರು. ಐದು ಜನ ಡಾಕ್ಟರ ಬಳಿ ಸರದಿಯಲ್ಲಿ ಕಾಯುತ್ತಿರುತ್ತಿದ್ದರು. ಎಂಟು ಜನ ದುಂಡು ಮೇಜಿನ ಸುತ್ತ ಕೂರುತ್ತಿದ್ದರು. ದುಂಡು ಮೇಜು ಅತ್ತೆಗೆ ಬಹಳ ಹಿಡಿಸಿತು. “ಅಲ್ಲಿ ಮೂಲೆ ಇರಲ್ಲ, ಯಾರೂ ತಪ್ಪಿಸ್ಕೊಳ್ಳೋ ಹಾಗಿಲ್ಲ” ಎನ್ನುತ್ತಿದ್ದರು. ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಸೊಸೆ ಮುಂದಿನ ವಾಹನಗಳನ್ನು ಮನಸ್ಸಿನಲ್ಲೇ ಹಿಂದುಮುಂದು ಮಾಡುತ್ತಿದ್ದಳು. ಕೆಂಪು ಕಾರು ಲಾರಿಯ ಹಿಂದೆ ಇರಕೂಡದು, ಸ್ಕೂಟರು ಬಸ್ಸಿಗಿಂತ ಮೊದಲು. ಹಸಿರು ದೀಪ ಬಂದರೂ ಹೊರಡೆಂದು ಹೇಳದ ಮೇಡಮ್ಮನನ್ನು ಕಲಿಯುವವರು ಬೆರಗಾಗಿ ನೋಡುತ್ತಿದ್ದರು.

ಎಲ್ಲ ದಿನವೂ ಹಬ್ಬವಾಗಿರಲಿಲ್ಲ. ಒಂದು ಮಧ್ಯಾಹ್ನ ಅತ್ತೆ ಯಾರೋ ಒಬ್ಬಳ ಮೇಲೆ ಕನಿಕರಪಟ್ಟು, “ಪಾಪ, ಅವಳನ್ನ ಕಿಟಕಿ ಪಕ್ಕ ಕೂರಿಸು” ಎಂದು ಹಟ ಹಿಡಿದರು. ಸೊಸೆ ಕೂರಿಸಿದಳು. ಇಡೀ ಲೆಕ್ಕ ಮುಗ್ಗರಿಸಿತು.

“ಕತೆ ಕಟ್ಟಿ ಅತ್ತೆ, ಆದ್ರೆ ನಿಯಮ ಮೀರ್ಬೇಡಿ. ಬರೆದದ್ದಷ್ಟೇ ನಮಗೆ ಗೊತ್ತಿರೋದು. ಬರೀದೆ ಇರೋದನ್ನ ನಾವು ಸೇರಿಸೋ ಹಾಗಿಲ್ಲ.”

ಅತ್ತೆ ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡರು. ಆಮೇಲೆ, “ಕೋರ್ಟಲ್ಲೂ ಹಿಂಗೇನಾ?” ಎಂದರು.

“ಹಿಂಗೇ.”

“ಹಂಗಾದ್ರೆ ನಿನಗೆ ಬರತ್ತೆ ಬಿಡು” ಎಂದರು ಅತ್ತೆ. ಸೊಸೆ ಪುಸ್ತಕದಿಂದ ಕಣ್ಣೆತ್ತಲಿಲ್ಲ. ಎತ್ತಿದ್ದರೆ ಕಣ್ಣು ತುಂಬಿದ್ದು ಕಾಣುತ್ತಿತ್ತು, ಕಪ್ಪು ಕನ್ನಡಕದವರಿಗೂ.

ಪರೀಕ್ಷೆಗೆ ಇನ್ನೇನು ಸ್ವಲ್ಪ ದಿನ ಇದೆ ಎನ್ನುವಾಗ ಡ್ರೈವಿಂಗ್ ಸ್ಕೂಲಿನ ಯಜಮಾನರು ಅವಳನ್ನು ಆಫೀಸಿಗೆ ಕರೆದರು. ಊರಿನ ಆಚೆ ಬದಿಯಲ್ಲಿ ಇನ್ನೊಂದು ಸ್ಕೂಲು ತೆರೆಯುತ್ತಿದ್ದರು. ಅದನ್ನು ಅವಳೇ ನೋಡಿಕೊಳ್ಳಬೇಕು. ಸಂಬಳ ಹೆಚ್ಚು, ಅವಳ ಕೈಕೆಳಗೆ ನಾಲ್ಕು ಕಾರು. “ಒಂದೇ ಮಾತು ಮೇಡಂ. ಬಂದ ಮೇಲೆ ನಡುವೆ ಕೈಬಿಟ್ಟು ಹೋಗೋ ಹಾಗಿಲ್ಲ. ಕಾಲೇಜು ಗೀಲೇಜು ಆಗಲ್ಲ. ಶುಕ್ರವಾರ ಹೇಳಿ” ಎಂದರು. ಕೆಟ್ಟ ಮನುಷ್ಯರಲ್ಲ. ಅವಳಿಗೆ ಕೆಲಸ ಕೊಟ್ಟಾಗ ಹೆಂಗಸು ಕಲಿಸಿದರೆ ಯಾರು ಬರುತ್ತಾರೆ ಎಂದವರ ಬಾಯಿ ಮುಚ್ಚಿಸಿದ್ದವರು ಅವರೇ.

ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು. ಅವನದು ಕೂದಲು ಕತ್ತರಿಸುವ ಅಂಗಡಿ. ದಿನವಿಡೀ ಬೇರೆಯವರ ತಲೆ ನೋಡಿ ನೋಡಿ ಮಾತನ್ನು ಅಳೆದು ಆಡುವ ಅಭ್ಯಾಸವಾಗಿತ್ತು.

“ಒಳ್ಳೇದಲ್ವಾ” ಎಂದ. “ಕೈಗೆ ಬಂದ ತುತ್ತು. ಪರೀಕ್ಷೆ ಅಂದ್ರೆ ಆಗಬಹುದು, ಆಗದೇನೂ ಇರಬಹುದು. ಹೋದ ಸಲ ನೀನು ಮೂರು ದಿನ ಹಾಸಿಗೆ ಬಿಟ್ಟು ಎದ್ದಿರಲಿಲ್ಲ, ಅದನ್ನ ನಾನು ನೋಡಿದೀನಿ.”

ಅದರಲ್ಲಿ ಸುಳ್ಳಿರಲಿಲ್ಲ.

“ಇಲ್ಲಿ ಕೇಳೋ” ಎಂದರು ಅತ್ತೆ. ಕಪ್ಪು ಕನ್ನಡಕ ಹೋಗಿ ಹೊಸ ಕನ್ನಡಕ ಬಂದಿತ್ತು. ಅದರೊಳಗಿನಿಂದ ಮಗನನ್ನು ದೊಡ್ಡ ಕಣ್ಣುಗಳಿಂದ ನೋಡಿದರು. “ಯಜಮಾನರ ಸ್ಕೂಲು, ಲಾ ಕಾಲೇಜು ಎರಡೂ ಪಕ್ಕಪಕ್ಕ ಕೂರಲ್ಲ. ಇವಳು ಯಾವುದರ ಪಕ್ಕ ಕೂರ್ಬೇಕು ಅನ್ನೋದಷ್ಟೇ ಪ್ರಶ್ನೆ. ನಿನ್ನನ್ನ ಯಾರೂ ಕೇಳಿಲ್ಲ.”

“ಅಮ್ಮ, ನೀನು ಯಾವಾಗ ಇವಳ ಕಡೆ ಸೇರಿದೆ?”

“ಓರಗಿತ್ತೀರು ಜಗಳ ಆಡ್ತಿದ್ರಲ್ಲ, ಆವತ್ತಿಂದ.”

ಗಂಡನಿಗೆ ಒಂದೂ ತಿಳಿಯಲಿಲ್ಲ. ಸೊಸೆಗೆ ನಗು ತಡೆಯದೆ ನೆತ್ತಿ ಹತ್ತಿತು. ಅವನೇ ಎದ್ದು ಬೆನ್ನು ತಟ್ಟಿ ನೀರು ಕೊಟ್ಟ. ಕೆಮ್ಮು ನಿಂತ ಮೇಲೆ ಅವಳು ನಿಧಾನವಾಗಿ ಹೇಳಿದಳು, “ರೀ, ಆಗದೇ ಇದ್ರೆ ಮತ್ತೆ ಮೂರು ದಿನ ಮಲಗ್ತೀನಿ. ನಾಲ್ಕನೇ ದಿನ ಎದ್ದು ಹೋಗಿ ಕಾರು ಕಲಿಸ್ತೀನಿ. ಆದ್ರೆ ಈ ಸಲ ನಂಗೆ ಬರ್ತಾ ಇದೆ. ಅದನ್ನ ಹೇಗೆ ಬಿಡಲಿ?”

ಅವನು ಹೆಂಡತಿಯ ಮುಖವನ್ನು, ಗಿರಾಕಿಯ ತಲೆಯನ್ನು ಕನ್ನಡಿಯಲ್ಲಿ ನೋಡುವಷ್ಟು ಹೊತ್ತು ನೋಡಿದ. “ಸರಿ” ಎಂದ. “ಮೊದಲನೇ ಕೇಸು ನನ್ನ ಮೇಲೆ ಹಾಕ್ಬೇಡ, ಅಷ್ಟೇ.”

ಶುಕ್ರವಾರ ಅವಳು ಆಗುವುದಿಲ್ಲ ಎಂದಾಗ ಯಜಮಾನರು ಮೇಜಿನ ಮೇಲಿದ್ದ ಕೀಗಳನ್ನು ಸ್ವಲ್ಪ ಹೊತ್ತು ಅತ್ತಿತ್ತ ಸರಿಸಿದರು. ಹೊಸ ಸ್ಕೂಲು ಇನ್ನೊಬ್ಬರ ಪಾಲಾಯಿತು.

ಪರೀಕ್ಷೆಯ ದಿನ ಅತ್ತೆ ತಾವೂ ಬರುತ್ತೇನೆಂದು ಹೊರಟರು. ಊರಿಗೆಲ್ಲ ಕಾರು ಕಲಿಸುವವಳಿಗೆ ಸ್ವಂತ ಕಾರಿರಲಿಲ್ಲ; ಇಬ್ಬರೂ ಬಸ್ಸಿನಲ್ಲಿ ಹೋದರು. ಅತ್ತೆಯನ್ನು ಗೇಟಿನ ಹೊರಗೆ ಬಿಟ್ಟು ಸೊಸೆ ಒಳಗೆ ಹೋದಳು. ಸುತ್ತ ಕೂತವರೆಲ್ಲ ಅವಳ ಅರ್ಧ ವಯಸ್ಸಿನವರು.

ಕೊನೆಯ ಭಾಗ ತೆರೆದಳು. ಕುರ್ಚಿ ಇರಲಿಲ್ಲ. ಸಾಲು ಇರಲಿಲ್ಲ, ದುಂಡು ಮೇಜೂ ಇರಲಿಲ್ಲ. ಎಂಟು ಮಹಡಿಯ ಕಟ್ಟಡ, ಮಹಡಿಗೊಂದು ಮನೆ, ಏಳು ಜನ ಬಾಡಿಗೆದಾರರು, ಒಂದು ಮನೆ ಖಾಲಿ. ಇಂಥದ್ದನ್ನು ಅವರು ಒಮ್ಮೆಯೂ ಬಿಡಿಸಿರಲಿಲ್ಲ. ಗುಂಗಾಡಿಗಳು ಮತ್ತೆ ಎದ್ದವು. ಅವಳು ಕಾಲನ್ನು ನೆಲಕ್ಕೆ ಒತ್ತಿ ಹಿಡಿದು, ನಿಯಮಗಳನ್ನು ಮೊದಲಿನಿಂದ ಓದಿದಳು. ಡ ಇರುವುದು ಖಾಲಿ ಮನೆಗೆ ನೇರ ಕೆಳಗಿನ ಮಹಡಿಯಲ್ಲಿ.

ಗೊತ್ತಾಯಿತು ಅವನು ಎಂಥವನೆಂದು. ತಲೆಯ ಮೇಲೆ ಯಾರೂ ಕುರ್ಚಿ ಎಳೆದಾಡಕೂಡದು ಎಂದು ನೋಡಿ ನೋಡಿ ಮನೆ ಹಿಡಿದ ಪುಣ್ಯಾತ್ಮ. ಅವಳಿಗೆ ಫಕ್ಕನೆ ನಗು ಬಂತು. ಮೇಲ್ವಿಚಾರಕರು ತಿರುಗಿ ನೋಡಿದರು. ಅವಳು ತಲೆ ತಗ್ಗಿಸಿ ಎಂಟು ಗೆರೆಗಳನ್ನು ಒಂದರ ಮೇಲೊಂದು ಎಳೆದಳು. ಜಗಳದವರು, ಮೆಟ್ಟಿಲು ಹತ್ತಲಾರದವರು, ಒಬ್ಬರನ್ನೊಬ್ಬರು ಬಿಟ್ಟಿರಲಾರದವರು ಎಲ್ಲರೂ ಸಾಮಾನು ಸರಂಜಾಮಿನ ಸಮೇತ ಒಬ್ಬೊಬ್ಬರಾಗಿ ತಂತಮ್ಮ ಮಹಡಿಗೆ ಹತ್ತಿದರು. ಗಂಟೆ ಹೊಡೆಯುವ ಹೊತ್ತಿಗೆ ಅವಳು ಎರಡನೆಯ ಸಲ ತಾಳೆ ನೋಡುತ್ತಿದ್ದಳು.

ಸೀಟು ಸಿಕ್ಕಿದ ಸುದ್ದಿ ಬಂದದ್ದು ಕೆಲವು ವಾರಗಳ ಮೇಲೆ. ಅವತ್ತು ಗಂಡ ಗಿರಾಕಿಯನ್ನು ಅರ್ಧ ಗಡ್ಡದಲ್ಲಿ ಕುರ್ಚಿಯ ಮೇಲೆ ಬಿಟ್ಟು ಮನೆಗೆ ಓಡಿಬಂದ. ಆದರೆ ಅವಳಿಗೆ ಹೆಚ್ಚಾಗಿ ನೆನಪಾಗುವುದು ಆ ದಿನವಲ್ಲ, ಪರೀಕ್ಷೆ ಮುಗಿಸಿ ಹೊರಗೆ ಬಂದ ಆ ಮಧ್ಯಾಹ್ನ. ಅತ್ತೆ ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತಿದ್ದರು. ಹೇಗಾಯಿತು ಎಂದು ಕೇಳಲಿಲ್ಲ.

“ಯಾರ್‍ಯಾರು ಬಂದಿದ್ರು?” ಎಂದರು.

ಸೊಸೆ ಕೊಡೆಯ ತುದಿಯಿಂದ ಧೂಳಿನಲ್ಲಿ ಕಟ್ಟಡ ಬರೆದಳು. ಯಾರು ಎಲ್ಲಿ, ಯಾರ ಮೇಲೆ ಯಾರು ಎಂದು ಒಂದೊಂದೇ ಮಹಡಿ ತೋರಿಸುತ್ತ ಹೇಳುತ್ತಿದ್ದಂತೆ ಅವಳ ಮಾತು ಒಂದರ ಮೇಲೊಂದು ಬೀಳುತ್ತಿತ್ತು. ಅತ್ತೆ ನಡುನಡುವೆ ಲಿಫ್ಟ್ ಇತ್ತಾ, ನೀರು ಬರ್ತಿತ್ತಾ ಎಂದು ಕೇಳುತ್ತಿದ್ದರು. ಅವರ ಬಸ್ಸು ಬಂದು, ಬಾಗಿಲು ತೆರೆದು, ಸ್ವಲ್ಪ ಕಾದು ಹೊರಟುಹೋಯಿತು.

“ಆ ಖಾಲಿ ಮನೆ ಯಾವುದು?”

“ಇದು. ಆರನೇ ಮಹಡಿ.”

“ಗಾಳಿ ಬೆಳಕು ಚೆನ್ನಾಗಿರತ್ತೆ ಅಲ್ಲಿ” ಎಂದು ಅತ್ತೆ ಬೆಂಚಿನಿಂದ ಬಗ್ಗಿ, ಬೆರಳಿನಿಂದ ಆ ಮಹಡಿಗೆ ಒಂದು ಕಿಟಕಿ ಬರೆದರು.