ಬಸವಂತರಾಯರ ಪಕ್ಕದ ಸೀಟು

ಬಸವಂತರಾಯರು ಎದುರಿಗೆ ಬಂದ ಮನುಷ್ಯನ ಮುಖ ನೋಡುವ ಮೊದಲು ಪಕ್ಕದಲ್ಲಿ ನಿಂತ ಲಾರಿಯ ಹೊಟ್ಟೆ ನೋಡುತ್ತಾರೆ. ಘಾಟ್ಕೋಪರಿನ ನಮ್ಮ ಗಲ್ಲಿಯಲ್ಲಿ ಟೆಂಪೋ ನಿಂತಿರಲಿ, ಶಾಲೆಯ ಬಸ್ಸು ನಿಂತಿರಲಿ, ಕಸದ ಗಾಡಿಯೇ ನಿಂತಿರಲಿ, ಅರವತ್ತೆಂಟರ ಆ ದೇಹ ಸೊಂಟದಲ್ಲಿ ಮಡಿಚಿಕೊಂಡು, ತಲೆ ಓರೆ ಮಾಡಿ, ಕೆಳಗಿನ ಆಕ್ಸಲ್ಲಿಗೊಂದು ದೃಷ್ಟಿ ಹಾಯಿಸದೆ ಮುಂದೆ ಸಾಗದು. ಬಗ್ಗಿ ಬಗ್ಗಿ ಅವರ ನಡಿಗೆಯೇ ಬಗ್ಗಿಹೋಗಿದೆ. ಮೈಮೇಲೆ ಋತುಮಾನದ ಪರಿವೆಯಿಲ್ಲದ ಒಂದು ಖಾಕಿ ಕೋಟು. ಅದರ ಎಡಜೇಬು ಸದಾ ಯಾವುದೋ ಬೇರಿಂಗಿನ ಭಾರಕ್ಕೆ ಜೋತುಬಿದ್ದಿರುತ್ತದೆ, ಬಲಜೇಬಿನಲ್ಲಿ ಗಂಟುಗಳಿರುವ ಸುತಳಿಯ ಉಂಡೆ.

ಬೀದರ ಸೀಮೆಯ ಈ ಮನುಷ್ಯ ಸೈನ್ಯದಲ್ಲಿ ಮೆಕ್ಯಾನಿಕ್ ಆಗಿದ್ದವರು. ತಯಾರಿಕೆ ಎಂದೋ ನಿಂತುಹೋದ ಹಳೆಯ ಮಿಲಿಟರಿ ಟ್ರಕ್ಕುಗಳನ್ನು ಹುಚ್ಚಿಗೋ ಹವ್ಯಾಸಕ್ಕೋ ಇಟ್ಟುಕೊಂಡವರು, ಸಿನಿಮಾ ಶೂಟಿಂಗಿಗೆ ಬಾಡಿಗೆ ಕೊಡುವವರು, ಬಿಡಿಭಾಗ ಸಿಗದೆ ಕಂಗೆಟ್ಟಾಗ ಇವರ ಬಾಗಿಲಿಗೆ ಬರುತ್ತಾರೆ. ಅಸಲಿ ಭಾಗ ಎಲ್ಲಿಯೂ ಇಲ್ಲವೆಂದು ಇವರಿಗೂ ಗೊತ್ತು. ಆದರೆ ಯಾವ ಟ್ರ್ಯಾಕ್ಟರಿನ ಆಯಿಲ್ ಸೀಲು, ಯಾವ ಬಸ್ಸಿನ ಬ್ರೇಕ್ ಸಿಲಿಂಡರು, ಯಾವ ಬೋರ್‌ವೆಲ್ ಪಂಪಿನ ಬೇರಿಂಗು ಆ ಜಾಗದಲ್ಲಿ ಹೋಗಿ ಸರಿಯಾಗಿ ಕೂರುತ್ತದೆಂಬ ವಿದ್ಯೆ ಇವರ ಬೆರಳಲ್ಲಿದೆ. ಕಣ್ಣು ಮುಚ್ಚಿ, ಕಬ್ಬಿಣದ ತೂತಿಗೆ ಕಿರುಬೆರಳು ತೂರಿಸಿ ಒಮ್ಮೆ ತಿರುಗಿಸಿ, ಅಳತೆಯ ಗುರುತಿಗೆ ಸುತಳಿಗೊಂದು ಗಂಟು ಹಾಕಿ, "ಕೂಡ್ತದ" ಅನ್ನುತ್ತಾರೆ. ಅದೊಂದೇ ಅವರ ಮಂತ್ರ. ಕೂಡುವುದಿಲ್ಲ ಎಂದು ಅವರು ಹೇಳಿದ್ದನ್ನು ನಾನು ಬಹಳ ಕಾಲ ಕೇಳಿರಲಿಲ್ಲ.

ಒಮ್ಮೆ ಅವರ ಜೊತೆ ಕುರ್ಲಾದ ಗುಜರಿ ಬಜಾರಿಗೆ ಹೋಗಿ ನಾನೊಂದು ಅಪರಾಧ ಮಾಡಿದೆ. ಅಂಗಡಿಯವನು ಯಾವ ಗಾಡಿಗೆ ಎಂದು ಕೇಳಿದ. ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದ ನಾಲಿಗೆ, ಪ್ರಶ್ನೆ ಕೇಳಿದರೆ ಸುಮ್ಮನಿದ್ದೀತೆ, ಸೈನ್ಯದ ಹಳೆಯ ಶಕ್ತಿಮಾನ್ ಟ್ರಕ್ಕಿಗೆ ಎಂದುಬಿಟ್ಟೆ. ಅವನು ಕೈಯಾಡಿಸಿ ಬೇರೆ ಗಿರಾಕಿಯತ್ತ ತಿರುಗಿದ. ಬಸವಂತರಾಯರು ಸ್ಟೇಷನ್ ಬರುವವರೆಗೂ ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದರು. ಲೋಕಲ್ ರೈಲು ಹತ್ತುವ ಮುನ್ನ ಹೇಳಿದರು:

"ಗಾಡಿ ಹೆಸರ ಹೇಳಬಾರದ್ರಿ ಮಾಸ್ತರ. ಹೆಸರ ಹೇಳಿದ್ರ ಇಲ್ಲ ಅಂತಾರ. ಅಳತಿ ಅಷ್ಟೇ ಹೇಳಬೇಕು."

ಇಂಥ ಮನುಷ್ಯನ ಸ್ವಂತ ಶಕ್ತಿಮಾನ್ ಇಪ್ಪತ್ತೆರಡು ವರ್ಷಗಳಿಂದ ಸಾಲುಮನೆಗಳ ನಮ್ಮ ಚಾಳಿನ ಹಿಂದಿನ ಅಂಗಳದಲ್ಲಿ ಕದಲದೆ ನಿಂತಿತ್ತು. ಅದರ ಕಥೆಯನ್ನು ನನಗೆ ಹೇಳಿದವರು ಅವರ ಹೆಂಡತಿ ನೀಲಾಬಾಯಿ. ಮದುವೆಯಾದ ಹೊಸತರಲ್ಲಿ ಗಂಡನಿದ್ದ ದೇವಲಾಲಿಯ ಸೈನ್ಯದ ಠಾಣೆಗೆ ಆಕೆ ಮೊದಲ ಸಲ ಹೋದಾಗ, ಸ್ಟೇಷನ್ನಿಗೆ ಬರಬೇಕಾದವರು ಬರಲಿಲ್ಲ. ತಲೆಯ ಮೇಲೆ ಟ್ರಂಕು ಹೊತ್ತು, ಬಿಸಿಲಲ್ಲಿ ದಾರಿ ಕೇಳುತ್ತ ನಡೆಯುತ್ತಿದ್ದಾಗ ಸೈನ್ಯದ ಟ್ರಕ್ಕುಗಳು ಸಾಲಾಗಿ ಹಾದುಹೋದವು. ಮೂರನೆಯದನ್ನು ಓಡಿಸುತ್ತಿದ್ದವರು ಬಸವಂತರಾಯರೇ. ನೋಡಿದರು, ನಿಲ್ಲಿಸಲಿಲ್ಲ, ಸಾಲು ಮುರಿದು ನಿಲ್ಲಿಸುವ ಹಾಗಿರಲಿಲ್ಲ. ಪಕ್ಕದ ಸೀಟು ಖಾಲಿಯಿತ್ತು. ಅಂದು ಸಂಜೆ ಅವರು ಹೆಂಡತಿಗೆ ಮಾತು ಕೊಟ್ಟರು: ನೌಕರಿ ಮುಗಿಯಲಿ, ನಮ್ಮದೇ ಗಾಡಿ ತಂದು ನಿನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೋಗುತ್ತೇನೆ.

ನಿವೃತ್ತಿಯ ನಂತರ ಸೈನ್ಯದ ಹರಾಜಿನಲ್ಲಿ ಗಾಡಿಯನ್ನೇನೋ ತಂದರು. ಆದರೆ ಅದು ಓಡಲು ಸಿದ್ಧವಾಗುತ್ತಿದ್ದ ಹಾಗೆಲ್ಲ ಯಾರಾದರೊಬ್ಬರು ಬಾಗಿಲಲ್ಲಿ ನಿಂತಿರುತ್ತಿದ್ದರು: ನಾಳೆ ಶೂಟಿಂಗ್, ವಾಟರ್ ಪಂಪ್ ಹೋಗಿದೆ, ನಾಡಿದ್ದು ಮೆರವಣಿಗೆ, ಸ್ಟಾರ್ಟರ್ ಹೋಗಿದೆ. ಬಂದವರನ್ನು ಬರಿಗೈಯಲ್ಲಿ ಕಳಿಸಲಾರದ ಈ ಪುಣ್ಯಾತ್ಮರು ಸ್ಪ್ಯಾನರು ಹಿಡಿದು ಅಂಗಳಕ್ಕಿಳಿದು, ತಮ್ಮ ಗಾಡಿಯದನ್ನೇ ಬಿಚ್ಚಿ ಕೊಟ್ಟುಬಿಡುತ್ತಿದ್ದರು. ತಮಗೆ ಬೇರೆ ಹುಡುಕಿದರಾಯಿತು, ಅವಸರವೇನು ಎಂಬುದು ಅವರ ಸಮಾಧಾನ.

"ನಮ್ಮ ಗಾಡಿ ಓಡ್ಲಾಕತ್ತದ ಮಾಸ್ತರ," ಎಂದು ನೀಲಾಬಾಯಿ ಅಕ್ಕಿ ಆರಿಸುತ್ತ ನಗುತ್ತಿದ್ದರು. "ಆದ್ರ ಮಂದಿ ಗಾಡಿ ಒಳಗ."

ಈ ನಡುವೆ ಆಕೆಯ ಮೊಣಕಾಲು ಕೈಕೊಟ್ಟಿತು. ಪರೇಲಿನ ಡಾಕ್ಟರು ಎರಡೂ ಮಂಡಿ ಬದಲಿಸಬೇಕೆಂದರು. ಆಕೆ ಆಗಲಿ ಅಂದರು. ಒಲ್ಲೆ ಎಂದವರು ಜಗತ್ತಿನ ಯಾವುದನ್ನು ಯಾವುದಕ್ಕೂ ಕೂಡಿಸಬಲ್ಲ ನಮ್ಮ ರಾಯರು. ನನಗೆ ಸಿಟ್ಟು ಬಂತು, ಏಕೆ ಒಲ್ಲಿರಿ ಎಂದು ಮುಖಕ್ಕೆ ಹೊಡೆದ ಹಾಗೆ ಕೇಳಿಯೇಬಿಟ್ಟೆ. ಅವರು ಬಹಳ ಹೊತ್ತು ಕೈಯ ಗ್ರೀಸು ಒರೆಸಿಕೊಂಡರು.

"ಗಾಡಿದು ಬ್ಯಾರೆ ಅದ ಮಾಸ್ತರ. ಕೂಡಲಿಲ್ಲಂದ್ರ ಹಳೇದು ತಿರುಗಿ ಹಾಕಬಹುದು. ಆಕಿ ಕಾಲಿಗಿ ಹಂಗ ಬರ್ತದೇನ್ರಿ?"

ಇವತ್ತು ನಾಳೆ ಎನ್ನುವುದರಲ್ಲಿ ಮೂರು ವರ್ಷ ಸರಿದವು.

ಕಳೆದ ವರ್ಷ ನಮ್ಮ ಚಾಳು ಒಡೆದು ಬಿಲ್ಡಿಂಗ್ ಕಟ್ಟುವುದು ನಿಶ್ಚಯವಾಯಿತು. ಅಂಗಳ ಖಾಲಿ ಮಾಡಲು ಒಂದು ತಿಂಗಳ ಗಡುವು. ಸಾಂತಾಕ್ರೂಜಿನಲ್ಲಿ ಹೋಟೆಲು ನಡೆಸುವ ಉಡುಪಿ ಕಡೆಯ ಪ್ರೀತಮ್ ಎಂಬವರು ಟ್ರಕ್ಕನ್ನು ಬಾಗಿಲ ಮುಂದೆ ಅಲಂಕಾರಕ್ಕೆ ನಿಲ್ಲಿಸಲು ಒಪ್ಪಿದರು. ಅಲ್ಲಿ ಹೋದ ಮೇಲೆ ಎಂಜಿನ್ನು ತೆಗೆದುಹಾಕುವವರಿದ್ದರು. ಅಂದರೆ ಘಾಟ್ಕೋಪರಿನಿಂದ ಸಾಂತಾಕ್ರೂಜ್, ಅದೊಂದೇ ಪಯಣ ಉಳಿದಿತ್ತು. ರಾಯರು ಆ ತಿಂಗಳು ಯಾರಿಗೂ ಬಾಗಿಲು ತೆರೆಯಲಿಲ್ಲ. ಟ್ರ್ಯಾಕ್ಟರಿನದು, ಬಸ್ಸಿನದು, ಪಂಪಿನದು ಎಲ್ಲ ಕೂಡಿಸಿ ಗಾಡಿಯನ್ನು ಎಬ್ಬಿಸಿದರು. ಹೆಂಡತಿಗಾಗಿ ಹಲಗೆಯ ಮೂರು ಮೆಟ್ಟಿಲನ್ನೂ ಮಾಡಿದರು.

ಭಾನುವಾರ ಬೆಳಿಗ್ಗೆ ನೀಲಾಬಾಯಿ ಇಳಕಲ್ ಸೀರೆಯುಟ್ಟು ಬಂದರು. ಒಂದು ಮೆಟ್ಟಿಲು ಹತ್ತಿದರು. ಎರಡನೆಯದರಲ್ಲಿ ಬಾಗಿಲ ಹಿಡಿಯನ್ನು ಹಿಡಿದು ನಿಂತರು, ಕಾಲು ಮೇಲೇಳಲಿಲ್ಲ. ಇನ್ನೊಮ್ಮೆ ಯತ್ನಿಸಿದರು. ಕುರ್ಚಿಯಲ್ಲಿ ಕೂರಿಸಿ ಎತ್ತುತ್ತೇವೆ ಎಂದು ಚಾಳಿನವರು ನಾವು ನಾಲ್ವರು ಮುಂದಾದೆವು. ಆಕೆ ತಲೆಯಾಡಿಸಿ ಇಳಿದುಬಿಟ್ಟರು.

"ಸಾಮಾನಿನಂಗ ಏರಿಸಬ್ಯಾಡ್ರಿ. ನೀವ್ ಹೋಗಿ ಬರ್ರಿ, ನಾ ಇಲ್ಲೇ ನಿಂತು ಸಪ್ಪಳ ಕೇಳ್ತೀನಿ."

ರಾಯರು ಹತ್ತಿ ಸ್ಟಿಯರಿಂಗ್ ಹಿಡಿದು ಕೂತರು. ನಾನು ಅಭ್ಯಾಸಬಲದಿಂದ ಎಡಗಡೆಯ, ಪಕ್ಕದ ಸೀಟಿನ ಬಾಗಿಲಿಗೆ ಕೈ ಹಾಕಿದಾಗ ಒಮ್ಮೆ ನನ್ನನ್ನು ನೋಡಿದರು. ನಾನು ಹಿಂದಕ್ಕೆ ಹೋಗಿ ಸಾಮಾನು ಹೇರುವ ತೆರೆದ ಭಾಗದಲ್ಲಿ ನಿಂತೆ. ದಾರಿಯುದ್ದಕ್ಕೂ ಜನ ಕೈಬೀಸಿದರು, ಫೋನು ಎತ್ತಿ ಚಿತ್ರ ತೆಗೆದರು. ಗಾಡಿ ಎಲ್ಲಿಯೂ ಕೆಮ್ಮಲಿಲ್ಲ. ಕ್ಯಾಬಿನ್ನಿನ ಹಿಂಬದಿಯ ಕಿಂಡಿಯಿಂದ ನನಗೆ ಕಂಡದ್ದು ರಾಯರ ಬೋಳುತಲೆ ಮತ್ತು ಪಕ್ಕದ ಸೀಟಿನ ಮೇಲೆ ಹಾಸಿದ್ದ ಒಗೆದ ಕೌದಿ. ಸಾಂತಾಕ್ರೂಜಿನಲ್ಲಿ ಪ್ರೀತಮ್ ಚಹಾ ತರಿಸಿದರು, ಎಂಜಿನ್ನು ನಿಲ್ಲಿಸಿ ಎಂದರು. ಚಹಾ ಆರಿ ಕೆನೆಗಟ್ಟುವವರೆಗೂ ರಾಯರು ನಿಲ್ಲಿಸಲಿಲ್ಲ.

ಊರಿಗೆ ಉಪಕಾರಿಗಳಾದ ಇಂಥವರನ್ನು ನಾನು ಈ ನಗರದಲ್ಲಿ ಬೇಕಾದಷ್ಟು ನೋಡಿದ್ದೇನೆ. ಅವರನ್ನು ಬೈಯಲು ಹೋದರೆ ಬಾಯಿ ಬರುವುದಿಲ್ಲ. ಬಾಗಿಲಿಗೆ ಬಂದವರ ಅವಸರ ಅವರಿಗೆ ತಟ್ಟನೆ ಅರ್ಥವಾಗುತ್ತದೆ. ಮನೆಯವರಾದರೆ ಕಾಯುತ್ತಾರೆ ಎಂಬುದು ಅವರ ನಂಬಿಕೆ, ಅದು ಪ್ರೀತಿಯ ನಂಬಿಕೆಯೇ. ಮತ್ತು ಮನೆಯವರು ಕಾಯುತ್ತಾರೆ ಕೂಡ. ಕಾಯುವವರಿಗೂ ವಯಸ್ಸಾಗುತ್ತದೆ ಎಂಬುದೊಂದನ್ನು ಮಾತ್ರ ಅವರು ಅಳೆದು ನೋಡಿರುವುದಿಲ್ಲ.